ಕೀಲಿನಲ್ಲಿ ನೀರು ನಿಲ್ಲಿಸುವ ಸಕ್ಕರೆ ಸರಪಳಿಗಳು

ವಯಸ್ಸಾಗಿ ಕುಂಟತೊಡಗಿದ ನಾಯಿಯನ್ನು ನನ್ನ ಬಳಿಗೆ ಕರೆತರುವವರಲ್ಲಿ ಹೆಚ್ಚಿನವರು, ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಇರುವ ಮಾತ್ರೆ ಕೊಡಬಹುದೇ ಎಂದು ಕೇಳುತ್ತಾರೆ. ಅವರಲ್ಲಿ ಹಲವರು ತಮ್ಮ ಮೊಣಕಾಲು ನೋವಿಗೂ ಅದನ್ನೇ ನುಂಗುತ್ತಿರುತ್ತಾರೆ. ಉತ್ತರ ಹೇಳುವುದಕ್ಕೆ ಮೊದಲು, ಆ ಮಾತ್ರೆಯಲ್ಲಿರುವ ಕಾಂಡ್ರಾಯ್ಟಿನ್‌ಗೆ ಕೀಲಿನೊಳಗೆ ಇರುವ ಕೆಲಸವನ್ನು ವಿವರಿಸಬೇಕಾಗುತ್ತದೆ.

ಕಾಂಡ್ರಾಯ್ಟಿನ್ ಸಲ್ಫೇಟ್ ಗ್ಲೈಕೋಸಮಿನೋಗ್ಲೈಕಾನ್‌ಗಳ ಗುಂಪಿಗೆ ಸೇರಿದ್ದು. ಎರಡೆರಡು ಸಕ್ಕರೆಗಳ ಜೋಡಿಯೇ ಮತ್ತೆ ಮತ್ತೆ ಪೋಣಿಸಿಕೊಂಡು ಬೆಳೆದ ಉದ್ದನೆಯ, ಕವಲಿಲ್ಲದ ಸರಪಳಿಗಳಿವು. ಮೃದ್ವಸ್ಥಿಯಲ್ಲಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಪದರದಲ್ಲಿ, ಇರುವ ಅಗ್ರಿಕಾನ್ ಎಂಬ ಪ್ರೋಟೀನಿಗೆ ಇಂತಹ ಸುಮಾರು 100 ಸರಪಳಿಗಳು ಅಂಟಿಕೊಂಡಿರುತ್ತವೆ. ಅವುಗಳ ಋಣ ವಿದ್ಯುದಾವೇಶವು ಸೋಡಿಯಂ ಅಯಾನುಗಳನ್ನು ಸೆಳೆಯುತ್ತದೆ, ಆ ಅಯಾನುಗಳು ನೀರನ್ನು ಸೆಳೆಯುತ್ತವೆ. ಹೀಗೆ ಉಬ್ಬಲು ಹವಣಿಸುವ ಅಂಗಾಂಶವನ್ನು ಕೊಲಾಜನ್ ನಾರುಗಳ ಬಲೆ ಬಿಗಿಯಾಗಿ ಹಿಡಿದಿರುವುದರಿಂದಲೇ ಮೃದ್ವಸ್ಥಿಗೆ ದೇಹದ ಭಾರ ತಾಳುವ ಶಕ್ತಿ ಬರುತ್ತದೆ. ಕಾಲೂರಿದಾಗ ಸ್ವಲ್ಪ ನೀರು ಹೊರಕ್ಕೆ ಹರಿದು, ಎತ್ತಿದಾಗ ಮರಳುತ್ತದೆ. ರಕ್ತನಾಳಗಳೇ ಇಲ್ಲದ ಈ ಅಂಗಾಂಶದ ಪೋಷಣೆಗೆ ಆ ಹರಿವೂ ನೆರವಾಗುವುದರಿಂದ, ಕೀಲುನೋವಿನ ನಾಯಿಯನ್ನು ತಿಂಗಳುಗಟ್ಟಲೆ ಕಟ್ಟಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಇದೇ ಗುಂಪಿನ ಹಯಾಲುರೋನಿಕ್ ಆಮ್ಲವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನಿಂದ ಬೇರ್ಪಡಿಸಿದರು. ಕೀಲುದ್ರವಕ್ಕೆ ಜಿಗುಟುತನ ಕೊಡುವುದು ಅದೇ. ಆರೋಗ್ಯವಂತ ಕೀಲಿನಿಂದ ತೆಗೆದ ದ್ರವವು ಮೊಟ್ಟೆಯ ಬಿಳಿಯಂತಿದ್ದು, ಸೂಜಿಯ ತುದಿಯಿಂದ ಇಳಿಬಿಟ್ಟರೆ ಎರಡು ಸೆಂಟಿಮೀಟರಿಗೂ ಹೆಚ್ಚು ಉದ್ದದ ಎಳೆಯಾಗಿ ಜೋಲುತ್ತದೆ. ಉರಿಯೂತವಿದ್ದರೆ ಸರಪಳಿಗಳು ತುಂಡಾಗಿ, ಸೋರಿ ಬಂದ ನೀರಿನಲ್ಲಿ ತೆಳುವಾಗಿ, ದ್ರವವು ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಪ್ರಯೋಗಾಲಯದ ವರದಿ ಬರುವ ಮುನ್ನವೇ ಅಷ್ಟನ್ನು ಕಣ್ಣಿನಿಂದ ತಿಳಿಯಬಹುದು.

ಸರಪಳಿಗಳು ಕಟ್ಟಿಕೊಳ್ಳುವಷ್ಟೇ ಅವುಗಳ ವಿಘಟನೆಯೂ ಮುಖ್ಯ. ಅದಕ್ಕೆ ಬೇಕಾದ ಕಿಣ್ವಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದಿದ್ದರೆ, ಹರ್ಲರ್ ಕಾಯಿಲೆಯ ಮಕ್ಕಳಲ್ಲಿ ಆಗುವಂತೆ, ಅವು ಜೀವಕೋಶಗಳಲ್ಲಿ ತುಂಬಿಕೊಂಡು ಮೂಳೆ, ಹೃದಯ, ಮಿದುಳುಗಳನ್ನು ಬಾಧಿಸುತ್ತವೆ. ಇದೇ ವರ್ಗದ ಕಾಯಿಲೆಗಳು ಬೆಕ್ಕು, ನಾಯಿಗಳಲ್ಲಿಯೂ ಇವೆ. ಮನುಷ್ಯರ ಚಿಕಿತ್ಸೆಯ ಸಂಶೋಧನೆಗೆ ಆ ಪ್ರಾಣಿಗಳು ಬಹಳ ನೆರವಾಗಿವೆ.

ಇನ್ನು ಮಾತ್ರೆಯ ವಿಷಯ. ನುಂಗಿದ ಕಾಂಡ್ರಾಯ್ಟಿನ್ ನೇರವಾಗಿ ಹೋಗಿ ಸವೆದ ಜಾಗದಲ್ಲಿ ಕೂರುವುದಿಲ್ಲ. ಕೀಲಿನ ಸರಪಳಿಯನ್ನು ಅಲ್ಲಿಯ ಜೀವಕೋಶಗಳೇ ನೇಯಬೇಕು. ಅಮೆರಿಕದಲ್ಲಿ ಮೊಣಕಾಲು ಸವೆತದ 1583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಟ್ಟಾರೆ ರೋಗಿಗಳ ನೋವು ತಗ್ಗಿಸುವುದರಲ್ಲಿ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಔಷಧವಿಲ್ಲದ ಹುಸಿಮಾತ್ರೆಯನ್ನು ಮೀರಿಸಲಿಲ್ಲ. ಇದಕ್ಕೆ ಹೋಲಿಸಿದರೆ ತೂಕ ಇಳಿಕೆಯ ಪರವಾದ ಸಾಕ್ಷ್ಯ ಗಟ್ಟಿಯಾಗಿದೆ: 48 ಲ್ಯಾಬ್ರಡಾರ್‌ಗಳನ್ನು ಜೋಡಿಗಳಾಗಿ ವಿಂಗಡಿಸಿ ಜೀವನಪೂರ್ತಿ ಗಮನಿಸಿದಾಗ, ಜೊತೆಯ ನಾಯಿಗಿಂತ ಶೇ. 25ರಷ್ಟು ಕಡಿಮೆ ಆಹಾರ ತಿಂದವುಗಳಲ್ಲಿ ಕೀಲು ಸವೆತ ತಡವಾಗಿ ಕಾಣಿಸಿಕೊಂಡಿತು, ಆಯಸ್ಸೂ ಸುಮಾರು ಎರಡು ವರ್ಷ ಹೆಚ್ಚಿತು. ಆದ್ದರಿಂದ ನಾಯಿಯ ತಟ್ಟೆಯಲ್ಲಿ ಅನ್ನ, ಬಿಸ್ಕತ್ತು ಎಷ್ಟು ಬೀಳುತ್ತಿದೆ ಎಂದು ನಾನು ಮೊದಲು ವಿಚಾರಿಸುತ್ತೇನೆ.

ಮಾತ್ರೆ ಕೊಟ್ಟೇ ನೋಡುತ್ತೇವೆ ಎನ್ನುವವರು ಎರಡು ತಿಂಗಳು ಕೊಟ್ಟು, ಮೆಟ್ಟಿಲು ಹತ್ತುವುದರಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬಹುದು. ಮನುಷ್ಯರಿಗೆಂದು ತಯಾರಾದ, ಅಗಿಯುವ ಮಾತ್ರೆಯನ್ನು ಮಾತ್ರ ನಾಯಿಗೆ ಕೊಡಬಾರದು: ಕೆಲವದರಲ್ಲಿ ಸಿಹಿಗೆಂದು ಸೇರಿಸುವ ಝೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಿ, ಯಕೃತ್ತಿಗೂ ಹಾನಿ ಮಾಡಬಲ್ಲದು.