ಕುರ್ಚಿ ಕೊಳ್ಳುವ ಮುಂಚೆ ಕಾಲಿನ ಬುಷ್ ಕಿತ್ತು ನೋಡಿ

"ಹಳೇ ಕಾಲದ ಕಬ್ಬಿಣ ಸಾರ್, ತುಕ್ಕೇ ಹಿಡಿಯಲ್ಲ." ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರಿನಲ್ಲಿ ಆಗಲಿ, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಆಗಲಿ, ಹಳೆಯ ಲೋಹದ ಕುರ್ಚಿಯೊಂದನ್ನು ಮುಟ್ಟಿದರೆ ಸಾಕು, ಈ ಮಾತು ಬಂದೇ ಬರುತ್ತದೆ. ಇಂದಿರಾನಗರದ ಏಸಿ ಅಂಗಡಿಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಮೂರು ಪಟ್ಟು ರೇಟು ಹಾಕುತ್ತಾರೆ. ಎರಡೂ ಕಡೆ ಹೇಳುವುದು ಸುಳ್ಳು.

ಹಳೆಯ ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ಹಾಗೆ ಹಿಡಿದ ಕುರ್ಚಿಗಳೆಲ್ಲ ಎಂದೋ ತೂಕಕ್ಕೆ ಹೋಗಿ ಕರಗಿವೆ. ಒಣ ಜಾಗದಲ್ಲಿದ್ದು ಬಚಾವಾದವು ಮಾತ್ರ ಈಗ ಅಂಗಡಿಯಲ್ಲಿ ಕೂತಿವೆ. ಉಳಿದಿದ್ದನ್ನಷ್ಟೇ ನೋಡಿ "ಆಗಿನ ಮಾಲೇ ಬೇರೆ" ಅಂದರೆ ಲೆಕ್ಕ ತಪ್ಪುತ್ತದೆ.

ಇಷ್ಟು ಹೇಳಿದರೆ ತಕ್ಷಣ ದೆಹಲಿಯ ಕಬ್ಬಿಣದ ಸ್ತಂಭ ಎದ್ದು ಬರುತ್ತದೆ. ಏಳು ಮೀಟರಿಗಿಂತ ಎತ್ತರ, ಆರು ಟನ್ನಿಗಿಂತ ಭಾರ, ಸುಮಾರು 1600 ವರ್ಷ ಹಳೆಯದು. ಅಷ್ಟು ದೂರ ಯಾಕೆ, ನಮ್ಮ ಕೊಡಚಾದ್ರಿಯ ಮೇಲೆ ಮೂಕಾಂಬಿಕೆ ಗುಡಿಯ ಹತ್ತಿರವೂ ಮಲೆನಾಡಿನ ಆ ಮಳೆಯಲ್ಲೇ ನಿಂತ ಕಬ್ಬಿಣದ ಕಂಬವಿದೆ. ದೆಹಲಿ ಸ್ತಂಭದ ಗುಟ್ಟನ್ನು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವರ್ಷಗಟ್ಟಲೆ ಕೆದಕಿ ಬಿಡಿಸಿಟ್ಟರು. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇದೆ. ಅದರಿಂದ ಮೈಮೇಲೆ ತೆಳುವಾದ, ಬಿಗಿಯಾದ ಪದರವೊಂದು ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಅದ್ಭುತವೇ, ಒಪ್ಪೋಣ. ಆದರೆ ರಂಜಕ ಇದ್ದರೆ ಉಕ್ಕು ಪೆಡಸಾಗುತ್ತದೆ ಎಂದು ಕಾರ್ಖಾನೆಗಳು ಅದನ್ನು ಬೇಕೆಂದೇ ತೆಗೆದುಹಾಕುತ್ತವೆ. ನಿಮ್ಮ ಎದುರಿಗಿರುವ 1950ರ ಸುಮಾರಿನ ಪೈಪ್ ಕುರ್ಚಿ ಅಂಥ ಕಾರ್ಖಾನೆ ಉಕ್ಕಿನದು. ಅದಕ್ಕೂ ಗುಪ್ತರ ಕಾಲದ ಕಮ್ಮಾರರಿಗೂ ಏನೇನೂ ಸಂಬಂಧವಿಲ್ಲ.

ಹಾಗಾದರೆ ಏನು ನೋಡಿ ಕೊಳ್ಳಬೇಕು? ಕಣ್ಣಿಗೆ ಕಾಣುವ ತುಕ್ಕನ್ನಂತೂ ಅಲ್ಲ.

ತುಕ್ಕಿಗೆ ಕಬ್ಬಿಣ, ನೀರು, ಆಮ್ಲಜನಕ ಬೇಕು ಎಂದು ಶಾಲೆಯಲ್ಲೇ ಓದಿದ್ದೇವೆ. ಅಂದಮೇಲೆ ಗಾಳಿ ಜಾಸ್ತಿ ಸಿಗುವ ಕಡೆ ಲೋಹ ಜಾಸ್ತಿ ಸವೆಯಬೇಕು, ಅಲ್ವಾ? ಆಗುವುದು ಇದರ ತದ್ವಿರುದ್ಧ. ಕೇಂಬ್ರಿಡ್ಜಿನ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿಕೊಟ್ಟರು. ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗಗಳಲ್ಲಿ ಇದೂ ಒಂದು. ಉಜ್ಜಿ ಹೊಳಪು ಮಾಡಿದ ಉಕ್ಕಿನ ತಗಡಿನ ಮೇಲೆ ಆ ಹನಿ. ಹನಿಯೊಳಗೆ ಎರಡು ರಾಸಾಯನಿಕಗಳು. ಕಬ್ಬಿಣ ಕರಗಿದ ಕಡೆ ಒಂದು ನೀಲಿಯಾಗುತ್ತದೆ. ಕ್ಷಾರ ಹುಟ್ಟಿದ ಕಡೆ ಇನ್ನೊಂದು ಗುಲಾಬಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹನಿಯ ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ.

ಅಂಚಿನಲ್ಲಿ ನೀರು ತೆಳ್ಳಗಿದೆ, ಗಾಳಿ ಸುಲಭವಾಗಿ ಇಳಿಯುತ್ತದೆ. ಅಲ್ಲಿಗೆ ಬಂದ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಬೇಕು. ಅದನ್ನು ಪೂರೈಸುವುದು ಹನಿಯ ನಡುಭಾಗದ ಕಬ್ಬಿಣ. ಎಲೆಕ್ಟ್ರಾನುಗಳು ಲೋಹದ ಒಳಗಿಂದಲೇ ಅಂಚಿಗೆ ಹರಿಯುತ್ತವೆ. ಅವನ್ನು ಬಿಟ್ಟುಕೊಟ್ಟ ಕಬ್ಬಿಣ ನಡುವೆ ಕರಗಿ ನೀರಿಗಿಳಿಯುತ್ತದೆ. ಅಂದರೆ ಒಂದು ಹನಿಯೊಳಗೇ ಪೂರ್ತಿ ಒಂದು ಬ್ಯಾಟರಿ! ಹಾಗೆ ಕರಗಿದ ಕಬ್ಬಿಣ ಹೊರಗಡೆ ಸರಿದು ಕ್ಷಾರವನ್ನು ಸಂಧಿಸಿದ ಕಡೆ ಕಂದು ಉಂಗುರವಾಗಿ ಕೂರುತ್ತದೆ. ತುಕ್ಕು ಕಾಣುವ ಜಾಗ ಒಂದು, ಲೋಹ ಸವೆಯುವ ಜಾಗ ಇನ್ನೊಂದು. ಮನೆಯಲ್ಲೂ ಮಾಡಿ ನೋಡಬಹುದು. ತಗಡಿನ ಚೂರನ್ನು ಉಪ್ಪುಕಾಗದದಲ್ಲಿ ಉಜ್ಜಿ, ಉಪ್ಪುನೀರಿನ ಹನಿ ಬಿಟ್ಟು, ಆರದಂತೆ ಬಟ್ಟಲು ಮುಚ್ಚಿಡಿ. ಬೆಳಗ್ಗೆ ಒರೆಸಿದರೆ ಅಂಚು ಇನ್ನೂ ಹೊಳೆಯುತ್ತಿರುತ್ತದೆ.

ಈಗ ಕುರ್ಚಿಗೆ ಬನ್ನಿ. ಬೆನ್ನಿನ ಮೇಲೆ, ಕೈಯ ಮೇಲೆ ಹರಡಿರುವ ಕಂದು ತುಕ್ಕಿಗೆ ಹೆದರಬೇಡಿ. ಅಲ್ಲಿ ಗಾಳಿಯಾಡುತ್ತದೆ, ನೀರು ಬೇಗ ಆರುತ್ತದೆ. ಉಜ್ಜಿದರೆ ಅಡಿಯಲ್ಲಿ ಗಟ್ಟಿ ಲೋಹ ಸಿಗುತ್ತದೆ. ಅಪಾಯ ಇರುವುದು ಕಾಲಿನ ತುದಿಯ ರಬ್ಬರ್ ಬುಷ್‌ನಲ್ಲಿ. ನಮ್ಮ ಮನೆಗಳಲ್ಲಿ ದಿನವೂ ನೆಲ ಒರೆಸುತ್ತೇವೆ. ಆ ನೀರು ಸ್ವಲ್ಪ ಸ್ವಲ್ಪವೇ ಬುಷ್ ಒಳಗೆ ಏರುತ್ತದೆ, ಇಳಿದುಹೋಗಲು ದಾರಿ ಇಲ್ಲ. ಬುಷ್‌ನ ಬಾಯಿಯಲ್ಲಿ ಗಾಳಿ ಇದೆ, ಬುಡದಲ್ಲಿ ಇಲ್ಲ. ಅದೇ ಇವಾನ್ಸ್ ಹನಿ, ಹತ್ತಾರು ವರ್ಷ ಆರದೆ ಉಳಿದ ಹನಿ.

ಆದ್ದರಿಂದ ಬುಷ್ ಕಿತ್ತು ನೋಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ. ಒಳಗಿಂದ ಕಪ್ಪು ಕೆಸರು ಬಂದರೆ ಒರೆಸಿ, ಪೈಪಿನ ತುದಿ ನೋಡಿ. ದುಂಡಗೆ, ದಪ್ಪಗೆ ಇದ್ದರೆ ಸರಿ. ಗರಗಸದ ಹಲ್ಲಿನ ಹಾಗೆ ಕಚ್ಚಿಹೋಗಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಒಳಕ್ಕೆ ಹೋಯಿತೋ, ಆ ಕುರ್ಚಿ ಬೇಡ. ಪ್ಲಾಸ್ಟಿಕ್ ವಯರ್ ಹೆಣೆದ ಕುರ್ಚಿಯಾದರೆ ತಲೆಕೆಳಗು ಮಾಡಿ ವಯರನ್ನು ಸ್ವಲ್ಪ ಸರಿಸಿ ನೋಡಿ. ವಯರಿಗೂ ಕಂಬಿಗೂ ನಡುವೆ ಧೂಳು, ಬೆವರಿನ ಉಪ್ಪು ಎಲ್ಲ ಸೇರಿರುತ್ತದೆ. ಬೆನ್ನ ಮೇಲೆ ದಾನಿಗಳ ಹೆಸರು ಬರೆಸಿದ ಛತ್ರದ ಮಡಚುವ ಕುರ್ಚಿಗಳಲ್ಲಿ ನೋಡಬೇಕಾದ್ದು ರಿವೆಟ್. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಎರಡು ತಗಡುಗಳ ಸಂದಿಯಲ್ಲಿ ಅದು ಬೆಳೆದರೆ ತಗಡನ್ನೇ ಎಬ್ಬಿಸುತ್ತದೆ. ರಿವೆಟ್ ಪಕ್ಕ ಉಬ್ಬಿದ್ದರೆ ಒಳಗೆ ಕೆಲಸ ನಡೆದಿದೆ ಎಂದೇ ಅರ್ಥ. ಮಂಗಳೂರು, ಕಾರವಾರದ ಕಡೆಯಿಂದ ಬಂದ ಮಾಲಾದರೆ ಇನ್ನೂ ಹುಷಾರು, ಕಡಲಗಾಳಿಯ ಉಪ್ಪು ಈ ಬ್ಯಾಟರಿಯನ್ನು ಚುರುಕು ಮಾಡುತ್ತದೆ. ಸಮುದ್ರದಿಂದ ದೂರ, 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಕಬ್ಬಿಣಕ್ಕೆ ಅಷ್ಟು ಕೆಟ್ಟ ಊರಲ್ಲ.

ಲೇಪನದ ಕಥೆ ಇನ್ನೂ ಮಜವಾಗಿದೆ. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ಒಂದು ಉಪಾಯ ಹೇಳಿಕೊಟ್ಟ. ಹಡಗಿನ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದಲ್ಲಿ ಸವೆಯುತ್ತಿತ್ತು. ಅದಕ್ಕೆ ಸತುವಿನದೋ ಕಬ್ಬಿಣದ್ದೋ ತುಂಡು ತಾಗಿಸಿದರೆ ಸಾಕು, ತಾಮ್ರದ ಬದಲು ಅದು ಕರಗುತ್ತದೆ ಎಂದ. ಹಾಗೇ ಆಯಿತು, ತಾಮ್ರ ಸವೆಯಲಿಲ್ಲ. ಆದರೆ ಕರಗಿದ ತಾಮ್ರವೇ ಕಡಲಜೀವಿಗಳಿಗೆ ವಿಷವಾಗಿತ್ತು. ಅದು ನಿಂತಿದ್ದೇ ತಡ, ಚಿಪ್ಪುಜೀವಿಗಳು ತಳಕ್ಕೆ ಮೆತ್ತಿಕೊಂಡು ಹಡಗು ನಿಧಾನವಾದವು. ಪಾಪ, ವಿಜ್ಞಾನ ಸರಿಯಾಗಿತ್ತು, ಹಡಗು ಮಾತ್ರ ಓಡಲಿಲ್ಲ!

ಅದೇ ಉಪಾಯ ಕುರ್ಚಿಗೆ ಸೊಗಸಾಗಿ ಒಗ್ಗಿತು. ಫ್ರಾನ್ಸಿನ ಓತಾಂ ಊರಿನ ಕ್ಸಾವಿಯೆ ಪೋಶಾರ್ 1934ರಲ್ಲಿ ಮಾಡಿದ ತಗಡಿನ ಕುರ್ಚಿ, ಅಂದರೆ ಈಗ ನಮ್ಮ ಅರ್ಧಕ್ಕರ್ಧ ಕೆಫೆಗಳಲ್ಲಿ ನಕಲು ಕಾಣುವ ಟೋಲಿಕ್ಸ್, ಸತುವಿನ ಲೇಪನದ್ದು. ಗೀರು ಬಿದ್ದರೂ ಚಿಂತೆಯಿಲ್ಲ. ಪಕ್ಕದ ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಕ್ರೋಮ್‌ನದು ಉಲ್ಟಾ ಕಥೆ. ಜರ್ಮನಿಯ ವಿನ್ಯಾಸ ಶಾಲೆ ಬೌಹೌಸ್‌ನಲ್ಲಿದ್ದ ಮಾರ್ಸೆಲ್ ಬ್ರೂಯರ್ 1925ರಲ್ಲಿ ಸೈಕಲ್ ಹ್ಯಾಂಡಲ್ ನೋಡಿ ಬಗ್ಗಿಸಿದ ಉಕ್ಕಿನ ಪೈಪಿನ ಕುರ್ಚಿ ಮಾಡಿದ ಮೇಲೆ ಆ ಪಳಪಳ ಶೈಲಿ ಲೋಕವೆಲ್ಲ ಹಬ್ಬಿತು. ಕ್ರೋಮ್, ಅದರಡಿಯ ನಿಕ್ಕಲ್ ಎರಡೂ ಕರಗಲು ಒಪ್ಪುವುದಿಲ್ಲ. ಲೇಪನದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ, ಸುತ್ತಲಿನ ಅಷ್ಟಗಲದ ಹೊಳಪೆಲ್ಲ ಆ ಒಂದು ಚುಕ್ಕೆ ಕಬ್ಬಿಣದಿಂದಲೇ ಎಲೆಕ್ಟ್ರಾನ್ ಎಳೆಯುತ್ತದೆ. ಅದಕ್ಕೇ ಕ್ರೋಮ್ ಮೇಲಿನ ಸಣ್ಣ ಕಂದು ಚುಕ್ಕೆ ಮೇಲೆ ಕಂಡಿದ್ದಕ್ಕಿಂತ ಆಳವಾಗಿರುತ್ತದೆ. ನನ್ನನ್ನು ಕೇಳಿದರೆ, ಚುಕ್ಕೆ ಚುಕ್ಕೆಯಾದ ಕ್ರೋಮ್ ಕುರ್ಚಿಗಿಂತ ಬಣ್ಣ ಪೂರ್ತಿ ಹೋದ ಸತುವಿನ ಕುರ್ಚಿಯೇ ವಾಸಿ.

ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಹಳೇ ಸ್ಪೀಕರಿನದಾದರೂ ಸರಿ. ಹಿತ್ತಾಳೆ ಎಂದು ಮಾರುವ ಕುರ್ಚಿಗೆ ಅದು ಕಚ್ಚಿಕೊಂಡರೆ ಒಳಗಿರುವುದು ಕಬ್ಬಿಣ. ಬಣ್ಣ ಬಳಿದ ಕುರ್ಚಿಯ ಮೇಲೆ ಜಾರಿಸುತ್ತಾ ಹೋಗಿ. ಒಂದು ಕಡೆ ಹಿಡಿತ ಸಡಿಲವಾದರೆ ಅಲ್ಲಿ ತೂತಿಗೆ ಪುಟ್ಟಿ ಮೆತ್ತಿರಬಹುದು. ಎರಕದ ಕಬ್ಬಿಣದ ತೋಟದ ಬೆಂಚಾದರೆ ಮಡಕೆ ಬಡಿದು ನೋಡುವ ಹಾಗೆ ಅಲ್ಲಲ್ಲಿ ತಟ್ಟಿ. ಎರಕ ಬಾಗುವುದಿಲ್ಲ, ಒಡೆಯುತ್ತದೆ. ಬಿರುಕಿದ್ದ ಕಡೆ ಸದ್ದು ಬದಲಾಗುತ್ತದೆ. ಕೈಗೆ ಹತ್ತುವ "ಹಳೇ ಕಬ್ಬಿಣದ ವಾಸನೆ"ಯನ್ನು ಮಾತ್ರ ನಂಬಬೇಡಿ. ಆ ವಾಸನೆ ಲೋಹದ್ದಲ್ಲ, ಕಬ್ಬಿಣ ತಾಗಿ ಒಡೆದ ನಿಮ್ಮ ಚರ್ಮದ ಜಿಡ್ಡಿನದು ಎಂದು 2006ರಲ್ಲೇ ರಸಾಯನ ವಿಜ್ಞಾನಿಗಳು ತೋರಿಸಿದ್ದಾರೆ. ಹೊಸ ಮೊಳೆ ಹಿಡಿದರೂ ಅದೇ ವಾಸನೆ.

ಶನಿವಾರ ಕಬ್ಬಿಣ ಮನೆಗೆ ತರಬಾರದು ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಅದೇ ಜನ ಹಳೇ ಬಣ್ಣವನ್ನು ವರಾಂಡದಲ್ಲಿ ಕೂತು ಸುಮ್ನೆ ಒಣ ಉಪ್ಪುಕಾಗದದಲ್ಲಿ ಉಜ್ಜುತ್ತಾರೆ, ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತಾರೆ. ನನಗೆ ಭಯ ಆಗುವುದು ಇದಕ್ಕೆ. ಹಳೆಯ ಕಿತ್ತಳೆ ಪ್ರೈಮರಿನಲ್ಲಿ, ಗಾಢ ಹಳದಿ, ಹಸಿರು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೇಡು. ಒಣದಾಗಿ ಉಜ್ಜಬೇಡಿ, ಬೆಂಕಿ ಹಿಡಿದು ಸುಡಬೇಡಿ. ಬಣ್ಣ ಗಟ್ಟಿಯಾಗಿದ್ದರೆ ಅದರ ಮೇಲೇ ಇನ್ನೊಂದು ಕೋಟ್ ಹೊಡೆಯಿರಿ. ಕೀಳಲೇಬೇಕಾದರೆ ಪೇಂಟ್ ರಿಮೂವರ್ ಹಚ್ಚಿ ಒದ್ದೆಯಾಗಿಯೇ ತೆಗೆಯಿರಿ.

ಪೀಣ್ಯದ ಕಡೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಬೇಯಿಸುವ ಕೆಲಸ, ಮಾಡುವ ಶೆಡ್‌ಗಳಿಗೆ ಬರವಿಲ್ಲ. ಕೊಡುವ ಮುಂಚೆ ವಯರ್, ಬುಷ್ ಎಲ್ಲ ಬಿಚ್ಚಿ. ಒಲೆಯ ಬಿಸಿ 180ರಿಂದ 200 ಡಿಗ್ರಿ ಇರುತ್ತದೆ. ಆ ಪೌಡರ್ ಪೈಪಿನ ಒಳಗೆ ಹೋಗುವುದಿಲ್ಲ, ಅದು ನೆನಪಿರಲಿ. ಕಾಲಿನ ತುದಿಗೆ ಒಳಗೂ ಹೊರಗೂ ಮೇಣ ಕರಗಿಸಿ ಸವರಿ, ಆಮೇಲೆ ಹೊಸ ಬುಷ್ ಹಾಕಿ. ಗ್ರೀಸ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.