ಜಾಮೀನು: ಬಿಡುಗಡೆಗಿಂತ ಮೊದಲು ಹೊಣೆ

‘ಆರೋಪಿಗೆ ಜಾಮೀನು ಮಂಜೂರು’ ಎಂದು ಪತ್ರಿಕೆಯಲ್ಲಿ ಬಂದರೆ ಆತ ಕೇಸಿನಿಂದಲೇ ಪಾರಾದ ಎಂದುಕೊಳ್ಳುವವರು ಬಹಳ. ಅದೇ ಜನ ಸಾಲದ ಮಾತು ಬಂದಾಗ ‘ಭಾವನಿಗೆ ನಾನೇ ಜಾಮೀನು ನಿಂತಿದ್ದೇನೆ’ ಎನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ಜಾಮೀನು ಎಂದರೆ ಬಿಡುಗಡೆ, ಎರಡನೆಯದರಲ್ಲಿ ಹೊಣೆ. ಹಳೆಯ ಅರ್ಥ ಎರಡನೆಯದೇ.

ಅರಬ್ಬಿಯಲ್ಲಿ ‘ದಾಮಿನ್’ ಎಂದರೆ ಇನ್ನೊಬ್ಬನ ಪರವಾಗಿ ಹೊಣೆ ಹೊತ್ತವನು. ಪಾರಸಿಯ ಉಚ್ಚಾರಣೆಯಲ್ಲಿ ಅದರ ‘ದ’ಕಾರ ‘ಜ’ಕಾರವಾಯಿತು. ಅರ್ಜಿ, ವಕೀಲ, ಕೈದಿ, ಫಿರ್ಯಾದಿ ಮುಂತಾದವುಗಳ ಜೊತೆಗೆ ಆಡಳಿತದ ಮಾತಾಗಿ ಅದು ನಮ್ಮಲ್ಲಿಗೂ ಬಂತು. ಮರಾಠಿಯಲ್ಲಿ ಇಂದಿಗೂ ‘ಜಾಮೀನ್’ ಇದೆ. ಕೇಳಲು ಹತ್ತಿರವಿದ್ದರೂ ‘ಜಮೀನು’ ಬೇರೆ ಪದ, ಅದು ನೆಲ ಎಂಬರ್ಥದ ಪಾರಸಿ ಶಬ್ದ. ಆದರೆ ಜಾಮೀನಿಗೆ ನಿಲ್ಲುವವರು ಜಮೀನಿನ ಪಹಣಿ ಹಿಡಿದೇ ಕೋರ್ಟಿಗೆ ಹೋಗುವುದರಿಂದ ಹಳ್ಳಿಗಳಲ್ಲಿ ಈ ಎರಡು ಪದಗಳು ಒಟ್ಟಿಗೇ ಕೇಳಿಬರುತ್ತವೆ. ಇಂಗ್ಲಿಷಿನ ‘ಬೇಲ್’ ಹಳೆಯ ಫ್ರೆಂಚಿನ ‘ಒಪ್ಪಿಸು’ ಎಂಬ ಕ್ರಿಯಾಪದದಿಂದ ಬಂದದ್ದು; ಅದರ ಲ್ಯಾಟಿನ್ ಬೇರಿಗೆ ಹೊರೆ ಹೊರುವುದು ಎಂದರ್ಥ.

ಪದ ಹೊರಗಿನದಾದರೂ ಕಲ್ಪನೆ ಇಲ್ಲಿ ಮೊದಲೇ ಇತ್ತು. ಯಾಜ್ಞವಲ್ಕ್ಯ ಸ್ಮೃತಿ ಹೊಣೆಗಾರನನ್ನು ‘ಪ್ರತಿಭೂ’ ಎಂದು ಕರೆದು ಮೂರು ಬಗೆಯ ಹೊಣೆ ಹೇಳುತ್ತದೆ: ದರ್ಶನ, ಪ್ರತ್ಯಯ, ದಾನ. ಕರೆದಾಗ ಆಳನ್ನು ತಂದು ನಿಲ್ಲಿಸುತ್ತೇನೆ ಎಂಬುದು ದರ್ಶನ. ಇವನು ನಂಬಿಕಸ್ಥ ಎಂಬ ಭರವಸೆ ಪ್ರತ್ಯಯ. ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬುದು ದಾನ. ಹೊಣೆ ನಿಂತವನು ಸತ್ತರೆ ಮೊದಲ ಎರಡರ ಭಾರ ಮಕ್ಕಳ ಮೇಲೆ ಬೀಳದು, ಮೂರನೆಯದು ಬೀಳುತ್ತದೆ ಎಂಬ ನಿಯಮವೂ ಅಲ್ಲಿದೆ. ಈ ಸ್ಮೃತಿಗೆ ವಿಜ್ಞಾನೇಶ್ವರ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಕ್ರಿಮಿನಲ್ ಕೋರ್ಟಿನಲ್ಲಿ ಇಂದು ನಿಲ್ಲುವ ಜಾಮೀನುದಾರ ಬಹುಮಟ್ಟಿಗೆ ಆ ದರ್ಶನ ಪ್ರತಿಭೂವೇ. ಆರೋಪಿ ಗೈರಾದರೆ ಬಾಂಡಿನಲ್ಲಿ, ಅಂದರೆ ಮುಚ್ಚಳಿಕೆಯಲ್ಲಿ, ಬರೆದುಕೊಟ್ಟ ಹಣಕ್ಕೆ ಇವನು ಬಾಧ್ಯ, ಅಷ್ಟೇ, ಅಪರಾಧದಲ್ಲಿ ಪಾಲುದಾರನಾಗುವುದಿಲ್ಲ. ಬ್ಯಾಂಕಿನಲ್ಲಿ ಸಾಲಕ್ಕೆ ಸಹಿ ಹಾಕುವವನದು ದಾನದ ಹೊಣೆ. ಎರಡಕ್ಕೂ ನಾವು ಒಂದೇ ಪದ ಬಳಸುವುದರಿಂದ ಜನ ಒಂದಕ್ಕೆ ಪಡಬೇಕಾದ ಭಯವನ್ನು ಇನ್ನೊಂದಕ್ಕೆ ಪಡುತ್ತಾರೆ.

1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜಾಮೀನಿನ ವ್ಯಾಖ್ಯೆಯೇ ಇರಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಕೊಟ್ಟಿದೆ: ಬಾಂಡ್ ಬರೆಸಿಕೊಂಡು, ಷರತ್ತು ಹಾಕಿ ಕಾನೂನಿನ ವಶದಿಂದ ಬಿಡುವುದು. ವಿಚಾರಣೆ ಹಾಗೆಯೇ ಮುಂದುವರಿಯುತ್ತದೆ. ‘ಜಾಮೀನುರಹಿತ ಅಪರಾಧ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ಅಲ್ಲಿ ಜಾಮೀನು ಸಿಗುವುದೇ ಇಲ್ಲ ಎಂದಲ್ಲ. ಹಕ್ಕಾಗಿ ಸಿಗುವುದಿಲ್ಲ, ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಬಂಧನಕ್ಕೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನು 1898ರ ಸಂಹಿತೆಯಲ್ಲಿ ಇರಲಿಲ್ಲ, 1973ರದರಲ್ಲಿ ಸೇರಿತು. ಅಪರಾಧದ ತೂಕ ನೋಡಿ 60 ಅಥವಾ 90 ದಿನದೊಳಗೆ ಪೊಲೀಸರು ತನಿಖೆ ಮುಗಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ.

ನನ್ನ ಮಟ್ಟಿಗೆ ಈ ಪದದ ನೋವಿನ ಭಾಗ ಬೇರೆ ಕಡೆ ಇದೆ. ಮನುಷ್ಯನ ಮಾತು ಹೊಣೆಯಾಗಿದ್ದ ಜಾಗಕ್ಕೆ ಆಸ್ತಿಯ ಕಾಗದ ಬಂದು ಕೂತಿತು. ಆದೇಶ ಕೈಯಲ್ಲಿದ್ದೂ ಶ್ಯೂರಿಟಿ ಸಿಗದೆ ಒಳಗೇ ಉಳಿಯುವವರು ಬಡವರು, ಪರಊರಿನವರು. 1978ರ ಮೋತಿರಾಮ್ ಪ್ರಕರಣ ಇದಕ್ಕೆ ಸಾಕ್ಷಿ. ಆತ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರ ಬೇಕೆಂದರು. ಅಣ್ಣತಮ್ಮನ ಹೊಣೆಯನ್ನು, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪಿನಲ್ಲಿ ಕೇಳಿದ ಪ್ರಶ್ನೆಯಲ್ಲಿ ನಾವೂ ಇದ್ದೇವೆ: ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಬಂಧನವಾದ ಮಲಯಾಳಿ, ಕನ್ನಡಿಗ, ತಮಿಳ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು? ಬೇರೆ ಜಾಮೀನುದಾರನಿಲ್ಲದೆ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಮೋತಿರಾಮ್ ಹೊರಬಂದ. ಬೆಂಗಳೂರಿನಲ್ಲಿ ಕಟ್ಟಡ ಕಟ್ಟಲು ಬಂದ ಬಿಹಾರ, ಒಡಿಶಾದ ಕೂಲಿಗಳ ವಿಷಯದಲ್ಲಿ ಅದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾದವರು ಈಗ ನಾವು.

ಕಾನೂನು ಸ್ವಲ್ಪ ದಾರಿ ಬಿಟ್ಟಿದೆ. ಜಾಮೀನು ಹಕ್ಕಾಗಿರುವ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಆರೋಪಿಯನ್ನು ನಿರ್ಗತಿಕನೆಂದು ಭಾವಿಸಿ ಅವನ ಮುಚ್ಚಳಿಕೆಯ ಮೇಲೆಯೇ ಬಿಡಬೇಕು. ಜಾಮೀನು ಮಂಜೂರಾಗಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸೂಚಿಸಿದೆ. ಇನ್ನು ಶ್ಯೂರಿಟಿ ನಿಂತವರಿಗೆ ಒಂದು ಮಾತು: ಒಮ್ಮೆ ಸಹಿ ಹಾಕಿದರೆ ಕೊನೆತನಕ ಸಿಕ್ಕಿಕೊಂಡಂತೆ ಅಲ್ಲ. ನನ್ನನ್ನು ಬಿಡುಗಡೆ ಮಾಡಿ ಎಂದು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆಗ ಆರೋಪಿಯನ್ನು ಕರೆಸಿ ಬೇರೆ ಜಾಮೀನುದಾರನನ್ನು ತರಲು ಹೇಳುತ್ತಾರೆ.