ಹೊಸ ಸೀಲ್ ಹಾಕಿಸಿದರೂ ಸ್ಟೀರಿಂಗ್ ಬಾಕ್ಸ್ ಸೋರುತ್ತಿದೆ, ಯಾಕೆ?

ಪ್ರಶ್ನೆ: ನಮ್ಮದು ಹಳೇ ಆರು ಚಕ್ರದ ಲಾರಿ. ಪವರ್ ಸ್ಟೀರಿಂಗ್ ಬಾಕ್ಸ್ ಕೆಳಗೆ, ಡ್ರಾಪ್ ಆರ್ಮ್ (ಬಾಕ್ಸಿನಿಂದ ಚಕ್ರದ ಲಿಂಕ್‌ಗಳನ್ನು ಎಳೆಯುವ ತೋಳು) ಹತ್ತಿರ ಆಯಿಲ್ ತೊಟ್ಟಿಕ್ಕುತ್ತಿತ್ತು. ಆಯಿಲ್ ತಡೆಯುವ ರಬ್ಬರ್ ಸೀಲ್ ಹೊಸದು ಹಾಕಿಸಿದೆವು. ತಿಂಗಳೊಳಗೆ ಮತ್ತೆ ಶುರುವಾಯಿತು. ಈಗ ಮೆಕ್ಯಾನಿಕ್ ಬಾಕ್ಸೇ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲೇಬೇಕಾ? ಆಯಿಲ್ ಹಾಕಿಕೊಂಡು ಓಡಿಸಿದರೆ ಆಗಲ್ವಾ?

ಉತ್ತರ: ಬಾಕ್ಸ್ ಹೋಗಿದೆ ಅಂತ ಈಗಲೇ ಒಪ್ಪಿಕೊಳ್ಳಬೇಡಿ. ವರ್ಷಗಟ್ಟಲೆ ಓಡಿದ ಸೀಲ್ ಗಟ್ಟಿಯಾಗಿ ಸೋರುವುದು ಸಹಜ. ಆದರೆ ಸರಿಯಾದ ಹೊಸ ಸೀಲ್ ತಿಂಗಳಲ್ಲೇ ಸೋರಿದರೆ ತಪ್ಪು ಹೆಚ್ಚಾಗಿ ಸೀಲಿನದ್ದಲ್ಲ. ಒಂದೋ ಅದನ್ನು ಏನೋ ಹಾಳು ಮಾಡುತ್ತಿದೆ, ಇಲ್ಲವೇ ಆಯಿಲ್ ಬರುತ್ತಿರುವುದೇ ಬೇರೆ ಕಡೆಯಿಂದ.

ಎರಡನೆಯದನ್ನು ಮೊದಲು ನೋಡಿ, ಅದಕ್ಕೆ ಖರ್ಚಿಲ್ಲ. ಹಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಒಡೆದ ಹಂಚು ಇನ್ನೊಂದು ಕಡೆ. ಇಲ್ಲೂ ಅದೇ ಕಥೆ. ಮೇಲೆ ಎಲ್ಲೇ ಸೋರಿದರೂ ಆಯಿಲ್ ಬಾಕ್ಸಿನ ಮೈಮೇಲೆ ಇಳಿದು ಕೊನೆಗೆ ಡ್ರಾಪ್ ಆರ್ಮ್ ತುದಿಯಿಂದಲೇ ಬೀಳುತ್ತದೆ. ನೋಡಿದವರು ಕೆಳಗಿನ ಸೀಲನ್ನೇ ಬೈಯುತ್ತಾರೆ. ನಮ್ಮ ಲಾರಿಗೂ ಹೀಗೆ ಎರಡು ಸಲ ಸೀಲ್ ಹಾಕಿಸಿದ್ದೆವು. ಆಮೇಲೆ ನೋಡಿದರೆ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ರಿಟರ್ನ್ ಹೋಸ್, ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಸುಮ್ನೆ ನೋಡಿದರೆ ಕಾಣುತ್ತಲೇ ಇರಲಿಲ್ಲ. ಹೋಸ್ ಬಗ್ಗಿಸಿದಾಗ ಮಾತ್ರ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತಿತ್ತು.

ಪತ್ತೆ ಮಾಡುವುದು ಹೀಗೆ. ಬಾಕ್ಸು, ಹೋಸು, ಆಯಿಲ್ ಡಬ್ಬಿ ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಮೇಲಿಂದ ಕೆಳಗಿನವರೆಗೆ ಉದುರಿಸಿ. (ಕ್ಯಾಬಿನ್‌ನಲ್ಲಿರುವ ವಿಭೂತಿಯೂ ಆಗುತ್ತದೆ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.) ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಸ್ಟಾರ್ಟ್ ಮಾಡಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಲಿ. ತುದಿಯಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿದಿಡಬಾರದು. ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ, ಆದರೆ ಚಕ್ರಕ್ಕೂ ಲಿಂಕ್‌ಗಳಿಗೂ ಕೈ ತಾಗದಷ್ಟು ದೂರದಿಂದ. ಸೋರುವ ಕಡೆ ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆ ಗೆರೆ ಎಲ್ಲಿ ಶುರುವಾಗಿದೆಯೋ ಅದೇ ನಿಮ್ಮ ಒಡೆದ ಹಂಚು.

ಗೆರೆ ಹೋಸ್ ಯೂನಿಯನ್‌ನಲ್ಲಿ (ಹೋಸ್ ಬಾಕ್ಸಿಗೆ ಸೇರುವ ಜೋಡಣೆ) ಶುರುವಾದರೆ ವಾಷರ್ ಬದಲಿಸಿದರೆ ಸಾಕು. ಸ್ಟೀರಿಂಗ್ ರಾಡ್ ಬಾಕ್ಸಿಗೆ ಸೇರುವ ಕಡೆ ಆದರೆ ಅದು ಇನ್‌ಪುಟ್ ಶಾಫ್ಟ್ ಸೀಲ್. ಸೈಡ್ ಕವರ್ ಅಂಚಿನಲ್ಲಿ ಆದರೆ ಓ ರಿಂಗ್, ಅಂದರೆ ಕವರ್ ಅಡಿಯ ರಬ್ಬರ್ ಉಂಗುರ. ಅದೇ ಕವರ್ ಮಧ್ಯದಲ್ಲಿ ಲಾಕ್ ನಟ್ ಇರುವ ಒಂದು ಸ್ಕ್ರೂ ಇರುತ್ತದೆ. ಸ್ಟೀರಿಂಗ್ ಆಟ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುವುದು) ಕಡಿಮೆ ಮಾಡಲು ಕೆಲವರು ಅದನ್ನು ಕಣ್ಣುಮುಚ್ಚಿ ಬಿಗಿ ಮಾಡುತ್ತಾರೆ. ನನ್ನ ಮಟ್ಟಿಗೆ ಒಳ್ಳೆ ಬಾಕ್ಸನ್ನು ಕೊಲ್ಲುವ ಸುಲಭದ ದಾರಿ ಅದು. ಸ್ಟೀರಿಂಗ್ ಬಿಗಿಯಾಗಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದೇ ನಿಲ್ಲುತ್ತದೆ.

ಹೊರಗೆ ಎಲ್ಲೂ ಒದ್ದೆಯಿಲ್ಲ, ಆದರೂ ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿದೆ ಅಂದರೆ ಇಂಜಿನ್ ಆಯಿಲ್ ಕಡ್ಡಿ ಎಳೆದು ಲೆವೆಲ್ ಏರಿದೆಯಾ ನೋಡಿ. ಸ್ಟೀರಿಂಗ್ ಆಯಿಲ್ ತಳ್ಳುವ ಪಂಪು ಇಂಜಿನ್ ಗೇರಿಗೇ ಕೂತಿದ್ದರೆ, ಅದರ ಸೀಲ್ ಹೋದಾಗ ಸ್ಟೀರಿಂಗ್ ಆಯಿಲ್ ಇಂಜಿನ್ ಒಳಗೆ ಇಳಿಯಬಹುದು.

ಪುಡಿ ಪರೀಕ್ಷೆಯಲ್ಲೂ ಡ್ರಾಪ್ ಆರ್ಮ್ ಮೇಲಿನ ಸೀಲೇ ಸೋರುತ್ತಿದೆ ಅಂತಾದರೆ, ಬಿಚ್ಚುವ ಮೊದಲು ಇನ್ನೊಂದು ಕೆಲಸ. ಇಂಜಿನ್ ಆಫ್ ಮಾಡಿ, ಸಣ್ಣ ಲಿವರ್ ಕೊಟ್ಟು ಡ್ರಾಪ್ ಆರ್ಮನ್ನು ಅದು ಕೂತಿರುವ ಶಾಫ್ಟಿಗೆ ಅಡ್ಡವಾಗಿ ಅಲ್ಲಾಡಿಸಿ ನೋಡಿ. ಶಾಫ್ಟ್ ಲಟಲಟ ಅಂದರೆ ಒಳಗಿನ ಬೇರಿಂಗ್ ಸವೆದಿದೆ. ಲಾರಿ ಟೈರಿನಲ್ಲಿ ಗಾಳಿ ಸುಮಾರು 8 ಬಾರ್ ಇರುತ್ತದೆ, ಅಲ್ವಾ? ಲಾರಿಯ ಸ್ಟೀರಿಂಗ್ ಸಿಸ್ಟಮ್‌ನಲ್ಲಿ ಪೂರ್ತಿ ತಿರುಗಿಸಿದಾಗ ಆಯಿಲ್ ಒತ್ತಡ 100 ಬಾರ್ ದಾಟಬಹುದು. ಅಲ್ಲಾಡುವ ಶಾಫ್ಟಿನ ಸುತ್ತ ಎಂಥಾ ಸೀಲ್ ಕೂರಿಸಿದರೂ ಅದು ಬಾಳುವುದಿಲ್ಲ.

ಬಿಚ್ಚುವಾಗ ಚಕ್ರ ನೇರ ಇರಲಿ. ಆರ್ಮು, ಶಾಫ್ಟು ಎರಡರ ಮೇಲೂ ಒಂದೇ ಗೆರೆಯಲ್ಲಿ ಗುರುತು ಹಾಕಿ. ನಟ್ ಸಡಿಲಿಸಿ ಪುಲ್ಲರ್ ಹಾಕಿ ಎಳೆಯಿರಿ. ಸುತ್ತಿಗೆ ಏಟು ಬೇಡವೇ ಬೇಡ, ಗ್ಯಾಸ್ ಕಟರಲ್ಲಿ ಕಾಯಿಸುವುದೂ ಬೇಡ. ಆ ಏಟು ಬಾಕ್ಸಿನೊಳಗೆ ಉರುಳುವ ಉಕ್ಕಿನ ಗುಂಡುಗಳವರೆಗೂ ಹೋಗಬಹುದು.

ಸೀಲ್ ತೆಗೆದ ಮೇಲೆ ಶಾಫ್ಟನ್ನು ಒರೆಸಿ ಉಗುರು ಎಳೆದು ನೋಡಿ. ಸೀಲಿನ ತುಟಿ (ಶಾಫ್ಟಿಗೆ ಒತ್ತಿ ಕೂರುವ ರಬ್ಬರ್ ಅಂಚು) ಓಡುವ ಜಾಗದಲ್ಲಿ ಉಗುರು ಟಕ್ ಅಂತ ಸಿಕ್ಕಿದರೆ ಅಲ್ಲಿ ಶಾಫ್ಟ್ ಸವೆದು ಗೀರು ಬಿದ್ದಿದೆ ಅಂತ ಅರ್ಥ. ತುಕ್ಕಿನ ಚುಕ್ಕೆ ಇದ್ದರೂ ಅಷ್ಟೇ. ತಿಂಗಳಿಗೊಂದು ಸೀಲ್ ತಿನ್ನುವುದು ಹೆಚ್ಚಾಗಿ ಇದೇ. ಗೀರು ತೆಳುವಾಗಿದ್ದು ಜಾಗ ಇದ್ದರೆ, ಸೀಲನ್ನು ತುಸು ಹಿಂದೆಮುಂದೆ ಕೂರಿಸಿ ತುಟಿ ನುಣ್ಣನೆಯ ಕಡೆ ಓಡುವಂತೆ ಮಾಡಬಹುದು. ಆಳವಾಗಿದ್ದರೆ ಶಾಫ್ಟೇ ಬದಲಾಗಬೇಕು. ಶಾಫ್ಟು, ಬೇರಿಂಗು ಎರಡೂ ಹೋಗಿ, ಒಳಗೂ ಸವೆತ ಇದ್ದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ.

ಅಂಗಡಿಯಲ್ಲಿ ಅಳತೆ ಒಂದೇ ಅಂತ ಗೇರ್‌ಬಾಕ್ಸಿಗೆ ಹಾಕುವ ಮಾಮೂಲಿ ಸೀಲ್ ತರಬೇಡಿ. ನೋಡಲು ಒಂದೇ ಥರ ಇದ್ದರೂ ಅದು ಈ ಒತ್ತಡಕ್ಕೆ ಮಾಡಿದ್ದಲ್ಲ. ನಮ್ಮ ಲಾರಿಗಳಲ್ಲಿ ರಾಣೆ ಇಲ್ಲವೇ ಝಡ್‌ಎಫ್ ಕಂಪನಿಯ ಬಾಕ್ಸ್ ತುಂಬಾ ಕಾಣುತ್ತವೆ. ಬಾಕ್ಸಿನ ಪ್ಲೇಟ್ ಮೇಲಿನ ನಂಬರ್ ಕೊಟ್ಟು ಅದೇ ಕಂಪನಿಯ ಸೀಲ್ ಕಿಟ್ ಕೇಳಿ. ಹೊಸ ಸೀಲ್ ಏರಿಸುವ ಮೊದಲು ಶಾಫ್ಟಿನ ಹಲ್ಲುಗಳ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ, ತುಟಿಗೆ ಆಯಿಲ್ ಸವರಿ. ಟೇಪ್ ಇಲ್ಲದೆ ತುರುಕಿದರೆ ಹಲ್ಲು ತುಟಿಯನ್ನು ಗೀರುತ್ತದೆ, ಹೊಸ ಸೀಲ್ ಮೊದಲ ದಿನವೇ ಸೋರುತ್ತದೆ.

ಆಯಿಲ್ ಹಾಕಿಕೊಂಡು ಓಡಿಸುವ ವಿಷಯ. ದಿನಕ್ಕೆ ನಾಲ್ಕು ಹನಿ ಬೀಳುತ್ತಿದ್ದರೆ ದಿನಾ ಲೆವೆಲ್ ನೋಡಿಕೊಂಡು ರಿಪೇರಿಯವರೆಗೆ ಸಾಗಿಸಬಹುದು. ಲೆವೆಲ್ ಇಳಿದು ಪಂಪ್ ಗುಂಯ್ ಅನ್ನಲು ಶುರುವಾದರೆ ಗಾಡಿ ನಿಲ್ಲಿಸಿ. ಪಂಪ್ ಸವೆಯದಂತೆ ಕಾಯುವುದೂ ಅದೇ ಆಯಿಲ್ಲೇ, ಒಣಗಿ ಓಡಿದರೆ ಬಾಕ್ಸ್ ಜೊತೆ ಪಂಪಿನ ಖರ್ಚೂ ಬರುತ್ತದೆ. ಆಯಿಲ್ ಪೂರ್ತಿ ಹೋದರೂ ಚಕ್ರ ತಿರುಗುವುದು ನಿಲ್ಲುವುದಿಲ್ಲ, ಆದರೆ ಸ್ಟೀರಿಂಗ್ ಕಲ್ಲಾಗುತ್ತದೆ. ಲೋಡ್ ಹೊತ್ತು ಶಿರಾಡಿ ಘಾಟಿ ಇಳಿಯುವಾಗ ಹಾಗಾಗುವುದು ಯಾರಿಗೂ ಬೇಡ. ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳು ರಬ್ಬರನ್ನು ಊದಿಸುತ್ತವೆ. ಗೀರು ಬಿದ್ದ ಶಾಫ್ಟನ್ನು ಸರಿ ಮಾಡುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಮುಂದಿನ ಆಕ್ಸಲ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕಂಪನಿ ಹೇಳಿದ ಆಯಿಲ್ ತುಂಬಿ ಸ್ಟೀರಿಂಗನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸುತ್ತಾ ಇರಿ. ಡಬ್ಬಿಯಲ್ಲಿ ನೊರೆ ನಿಲ್ಲುವವರೆಗೆ ಗಾಳಿ ಇದೆ ಅಂತಲೇ ಲೆಕ್ಕ. ಡಬ್ಬಿಯೊಳಗಿನ ಫಿಲ್ಟರ್ ಕೂಡ ಆಗಲೇ ಬದಲಿಸಿಬಿಡಿ.

ಇನ್ನೊಂದು ಮಾತು. ಕೆಲವು ಬಾಕ್ಸುಗಳಲ್ಲಿ ಡ್ರಾಪ್ ಆರ್ಮ್ ಶಾಫ್ಟಿನ ಪಕ್ಕ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಇರುತ್ತದೆ. ಸರ್ವಿಸ್ ಸ್ಟೇಷನ್ ಹುಡುಗ ಅದಕ್ಕೂ ಗಾಳಿ ಗನ್ ಇಟ್ಟು ಒತ್ತಿದರೆ ಗ್ರೀಸ್ ಹೋಗಿ ಸೀಲಿನ ತುಟಿಯನ್ನೇ ಮಗುಚಿಬಿಡಬಹುದು. ಆ ಒಂದು ನಿಪ್ಪಲ್‌ಗೆ ಕೈ ಗನ್ ಸಾಕು ಅಂತ ಅವನಿಗೆ ಮೊದಲೇ ಹೇಳಿಡಿ.